1800ರ ದಶಕ ಅಂದ್ರೆ ಯಾವ ಹತ್ತು ವರ್ಷ?

ಮಾನ್ಯ ಸಂಪಾದಕರೇ,

ಈಚೆಗೆ ಪೇಪರ್‌ನಲ್ಲಿ ಇತಿಹಾಸ, ವಿಜ್ಞಾನದ ಲೇಖನ ಯಾವುದನ್ನ ತೆಗೆದ್ರೂ '1700ರ ದಶಕದಲ್ಲಿ', '1800ರ ದಶಕದಲ್ಲಿ' ಅಂತ ಕಣ್ಣಿಗೆ ಬೀಳುತ್ತೆ. ಇದು ಹೇಗೆ ಬಂತು ಅಂತ ಊಹೆ ಮಾಡೋದು ಕಷ್ಟ ಏನಿಲ್ಲ, ಇಂಗ್ಲಿಷ್‌ನಲ್ಲಿ 'ಏಯ್ಟೀನ್ ಹಂಡ್ರೆಡ್ಸ್' ಅಂತ ಇರುತ್ತೆ, 'ನೈಂಟೀಸ್' ಅಂದ್ರೆ 90ರ ದಶಕ ತಾನೇ ಅಂತ ಅನುವಾದ ಮಾಡೋರು ಇದಕ್ಕೂ ಒಂದು ದಶಕ ಅಂಟಿಸಿ ಕೈ ತೊಳ್ಕೊಂಡುಬಿಡ್ತಾರೆ. ಆದ್ರೆ ಮೂಲದಲ್ಲಿ ಬಹಳ ಸಲ ಹೇಳಿರೋದು 1800ರಿಂದ 1899ರವರೆಗಿನ ಪೂರ್ತಿ ನೂರು ವರ್ಷ, ಓದೋರಿಗೆ ಸಿಗೋದು ಮಾತ್ರ 1800ರಿಂದ 1809. ಮಿಕ್ಕ ತೊಂಬತ್ತು ವರ್ಷ ಎಲ್ಲಿ ಹೋಯ್ತು ಸ್ವಾಮಿ?

ಟೆಲಿಫೋನ್ ವಿಷಯನೇ ತಗೊಳ್ಳಿ. ಗ್ರಹಾಂ ಬೆಲ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ, ಅವರು ಹುಟ್ಟಿದ್ದು 1847ರಲ್ಲಿ. '1800ರ ದಶಕದಲ್ಲಿ ಬೆಲ್ ಟೆಲಿಫೋನ್ ಕಂಡುಹಿಡಿದರು' ಅಂತ ಅಚ್ಚಾದ್ರೆ ಪಾಪ ಅವರು ಹುಟ್ಟೋಕೂ ಮೊದಲೇ ಫೋನ್ ಮಾಡಿದ ಹಾಗಾಯ್ತು. ನಗು ಬರುತ್ತೆ ಸರಿ, ಆದ್ರೆ ಪೇಪರ್ ನೋಡಿ ನೋಟ್ಸ್ ಬರ್ಕೊಳ್ಳೋ ಮಕ್ಕಳು ಅದನ್ನೇ ಉರು ಹೊಡೀತಾರೆ.

ಇಂಗ್ಲಿಷ್‌ನವರದ್ದೂ ತಪ್ಪಿದೆ ಬಿಡಿ, 'ನೈಂಟೀನ್ ಹಂಡ್ರೆಡ್ಸ್' ಅಂತ ಅವರು ಹತ್ತು ವರ್ಷಕ್ಕೂ ಹೇಳ್ತಾರೆ, ನೂರು ವರ್ಷಕ್ಕೂ ಹೇಳ್ತಾರೆ, ಮುಂದೆ ಹಿಂದೆ ಓದಿ ಯಾವುದು ಅಂತ ನಾವೇ ತಿಳ್ಕೋಬೇಕು.

'19ನೇ ಶತಮಾನ' ಅಂತ ಬರೆದ್ರೆ ಮುಕ್ಕಾಲು ಪಾಲು ಗೊಂದಲ ಹೋಗುತ್ತೆ. ಅದರಲ್ಲೂ ಒಂದು ವರ್ಷದ ತಕರಾರು ಇದ್ದೇ ಇದೆ. ಈಗಿನ ಇಸವಿ ಎಣಿಕೆ 525ರಲ್ಲಿ ಡಯೋನಿಸಿಯಸ್ ಅನ್ನೋ ಸನ್ಯಾಸಿ ಶುರು ಮಾಡಿದ್ದು, ಅದರಲ್ಲಿ ಸೊನ್ನೆ ಇಸವಿನೇ ಇಲ್ಲ, ಕ್ರಿ.ಪೂ. 1 ಮುಗಿದ ತಕ್ಷಣ ಕ್ರಿ.ಶ. 1. ಹಾಗಾಗಿ ಲೆಕ್ಕದ ಪ್ರಕಾರ 19ನೇ ಶತಮಾನ 1801ರಿಂದ 1900, 21ನೇದು ಶುರುವಾಗಿದ್ದು 2001ಕ್ಕೆ. ಜನ ಪಟಾಕಿ ಹೊಡೆದಿದ್ದು ಮಾತ್ರ 2000ಕ್ಕೆ! ಈ ಒಂದು ವರ್ಷಕ್ಕೆ ಜಗಳ ಆಡೋ ಪೈಕಿ ನಾನಲ್ಲ, 90ರ ದಶಕ ಅಂದ್ರೆ 1990ರಿಂದ 1999 ಅಂತಾನೇ ಇರಲಿ. ನನ್ನ ತಕರಾರು ಇರೋದು ತೊಂಬತ್ತು ವರ್ಷ ನುಂಗೋದರ ಬಗ್ಗೆ.

ಇಸವಿ ಗೊತ್ತಿದ್ರೆ ಇಸವಿನೇ ಹಾಕಿ, ಇಲ್ಲದಿದ್ರೆ '1870ರ ದಶಕ' ಅಥವಾ '19ನೇ ಶತಮಾನದ ಕೊನೆ ಭಾಗ' ಅಂತ ಬರೀರಿ. ನಿಮ್ಮ ಡೆಸ್ಕ್‌ನವರಿಗೆ ಇಷ್ಟು ಹೇಳಿದ್ರೆ ಸಾಕು.

– ಒಬ್ಬ ಓದುಗ