ಮೈತ್ರಿ ಸೇತುವೆ ಸಂಚಾರಕ್ಕೆ ತೆರೆಯಲಿ

ಮಾನ್ಯರೇ,

ತ್ರಿಪುರಾದ ಸಬ್ರೂಮ್ ಹಾಗೂ ಬಾಂಗ್ಲಾದೇಶದ ರಾಮಗಢವನ್ನು ಜೋಡಿಸಲು ಫೆನಿ ನದಿಗೆ ಭಾರತವೇ ಹಣ ಹಾಕಿ ಕಟ್ಟಿದ 1.9 ಕಿ.ಮೀ. ಉದ್ದದ ಮೈತ್ರಿ ಸೇತುವೆ 2021ರ ಮಾರ್ಚ್ 9ರಂದು ಉದ್ಘಾಟನೆಗೊಂಡರೂ, ಅನಂತರದ ವರ್ಷಗಳಲ್ಲಿ ಅದರ ಮೇಲೆ ಸರಕಿನ ಲಾರಿಗಳು ಓಡಲಿಲ್ಲವೆಂಬುದು ಬೇಸರದ ಸಂಗತಿ. ಸಬ್ರೂಮ್‌ನಿಂದ ಬಾಂಗ್ಲಾದೇಶದ ಚಿತ್ತಗಾಂಗ್ ಬಂದರು ಸುಮಾರು 80 ಕಿ.ಮೀ. ಮಾತ್ರ, ಕೋಲ್ಕತ್ತ ಬಂದರಿಗಾದರೆ ಸಿಲಿಗುರಿ ಸುತ್ತಿ ಸಾವಿರಕ್ಕೂ ಹೆಚ್ಚು ಕಿ.ಮೀ. ಸಾಗಬೇಕು.

ಶಕ್ತಿನಗರದ ಬಳಿಯ ನಿಜಾಮರ ಕಾಲದ ಕೃಷ್ಣಾ ಸೇತುವೆಯನ್ನು ದುರಸ್ತಿಗೆಂದು ಮುಚ್ಚಿದಾಗ, ತೆಲಂಗಾಣದತ್ತ ಹೊರಟ ಭತ್ತದ ಲಾರಿಗಳು ಸುತ್ತುಬಳಸು ದಾರಿ ಹಿಡಿದು ಡೀಸೆಲ್ ಸುಟ್ಟಿದ್ದನ್ನು ಕಂಡ ರಾಯಚೂರಿನವರಿಗೆ ಈ ನಷ್ಟ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ರಾಜಕೀಯ ಸಂಬಂಧ ಏರುಪೇರಾದರೂ, ಕಸ್ಟಮ್ಸ್ ಹಾಗೂ ವಲಸೆ ತಪಾಸಣೆಯ ವ್ಯವಸ್ಥೆಯನ್ನು ಎರಡೂ ಸರ್ಕಾರಗಳು ಕೂಡಿ ನಡೆಸಿ, ಸರಕು ಸಾಗಣೆಗೆ ಈ ಸೇತುವೆಯನ್ನು ನಿರಂತರ ಮುಕ್ತವಾಗಿಡಬೇಕು.

– ಓದುಗ, ರಾಯಚೂರು