ತವರಿನ ನೆಪ್ಪು

ಎಲ್ಲರಿಗೂ ನಮಸ್ಕಾರ. ರಾತ್ರಿ ಹನ್ನೊಂದೂವರೆ ಆಯಿತು. ಬೆಳಿಗ್ಗೆ ನಮ್ಮ ಡಬ್ಲಿನ್ ಕನ್ನಡ ಕೂಟದ ಪತ್ರಿಕೆಯ ಸಂಚಿಕೆ ನಿಮ್ಮ ಕೈ ಸೇರಬೇಕು, ಎರಡು ವರದಿ ಇನ್ನೂ ಬಂದಿಲ್ಲ, ನಾನು ಸಂಪಾದಕೀಯ ಬರೆಯಲು ಈಗ ಕೂತಿದ್ದೇನೆ.

ಹೋದ ವರ್ಷ ರಾಜ್ಯೋತ್ಸವ ಮುಗಿಸಿ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಕೇಳಿದಳು, “ಅಮ್ಮಾ, ನಾವು ಪ್ರತಿ ಸಲ ಸುಮ್ನೆ ಬಾಯಿ ಆಡಿಸ್ತೀವಲ್ಲ, ಹಾಡೋದು ಯಾವಾಗ?” ಎಂಟು ವರ್ಷದ ಮಗು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿಜ ಅಲ್ವಾ? ಇಷ್ಟು ವರ್ಷ ಯಾರೋ ಹಾಡಿದ್ದನ್ನು ಸ್ಪೀಕರ್‌ಗೆ ಹಾಕಿ, ಮಕ್ಕಳಿಗೆ ಹಳದಿ ಕೆಂಪು ಶಾಲು ಹೊದಿಸಿ, ಕುಣಿಸಿ, ಫೋಟೋ ತೆಗೆದು ಊರಿಗೆ ಕಳಿಸಿದ್ದೇವೆ. ಮಕ್ಕಳ ಗಂಟಲಿನಿಂದ ಒಂದು ಸಾಲು ಹೊರಬಂದಿಲ್ಲ.

ಈ ಸಲದ ಹಾಡು ಹುಟ್ಟಿದ್ದು ಆ ಪ್ರಶ್ನೆಯಿಂದ. ಮಾತು ನಾನು ಬರೆದೆ. ರಾಗ ಹಾಕಿದ್ದು ನಮ್ಮ ಕೂಟದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯರು. ಹಾಡಿದ್ದು ಸಿರುಗುಪ್ಪ ಕಡೆಯ ಒಬ್ಬ ದೊಡ್ಡವ್ವ. ನನ್ನ ಮದುವೆಯಲ್ಲಿ ಸುರಗಿ ಹಾಡು ಹಾಡಿದವರು ಅವರೇ. ಅವರ ಹೆಸರನ್ನು ವೇದಿಕೆ ಮೇಲೆ, ಮೈಕಿನಲ್ಲಿ, ಎಲ್ಲರ ಮುಂದೆ ಹೇಳಬೇಕು ಅನ್ನುವ ಆಸೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಆಗಸ್ಟ್‌ನಲ್ಲಿ ಬಳ್ಳಾರಿಗೆ ಹೋದಾಗ ರೆಕಾರ್ಡಿಂಗ್ ಇಟ್ಟುಕೊಂಡೆವು. ಹೊಳೆ ಕಡೆ ಭತ್ತದ ನಾಟಿ ನಡೆದಿತ್ತು. ಹಿಂದಿನ ದಿನ ಸಂಜೆವರೆಗೂ ಗದ್ದೆಯಲ್ಲಿದ್ದ ದೊಡ್ಡವ್ವ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದರು, ಉಗುರಿನ ಸಂದಿಯಲ್ಲಿ ಕೆಸರಿನ ಕಪ್ಪು ಇನ್ನೂ ಹಾಗೇ ಇತ್ತು. ಸ್ಟುಡಿಯೋ ಅಂದರೆ ಒಂದು ಮನೆಯ ಮೇಲಿನ ಕೋಣೆ. ಮಾಳಿಗೆಗೆ ಬಂದರೆ ಕೋಟೆ ಗುಡ್ಡ ಕಾಣುತ್ತದೆ. ಗೋಡೆಗೆ ಸ್ಪಂಜು ಅಂಟಿಸಿ, ಬಾಗಿಲಿಗೆ ಎರಡು ಕೌದಿ ನೇತು ಹಾಕಿದ್ದರು. ರೆಕಾರ್ಡಿಂಗ್ ಮಾಡುವ ಹುಡುಗನ ಅವ್ವ ಹೊಲಿದ ಕೌದಿಗಳು. ಮುಟ್ಟಿ ನೋಡಿದೆ, ಹಳೇ ಇಳಕಲ್ ಸೀರೆಯ ತುಂಡುಗಳು. ಸದ್ದು ಹೀರುವುದಕ್ಕೆ ಇದಕ್ಕಿಂತ ಒಳ್ಳೇದು ಸಿಗೋದಿಲ್ಲ ಅಂದ ಹುಡುಗ.

ಫ್ಯಾನ್ ಬಂದ್, ಎ.ಸಿ. ಬಂದ್, ಬಾಗಿಲು ಬಂದ್. ಬಳ್ಳಾರಿಯ ಸೆಕೆ ನಿಮಗೆ ಗೊತ್ತೇ ಇದೆ.

ಮೊದಲ ಸಾಲಿಗೇ ಸದ್ದು ಅಳೆಯುವ ಮೀಟರ್ ಕೆಂಪಿಗೆ ಹೋಯಿತು. ದೊಡ್ಡವ್ವ ಜೀವನದಲ್ಲಿ ಮೈಕಿನ ಮುಂದೆ ಮೆಲ್ಲಗೆ ಹಾಡಿದವರಲ್ಲ. ಗುಡಿಯ ಮುಂದೆ ಭಜನೆ, ಗದ್ದೆಯಲ್ಲಿ ನಾಟಿ ಪದ, ಮದುವೆ ಮನೆಯಲ್ಲಿ ಸೋಬಾನೆ. ಎಲ್ಲಾ ಕಡೆ ದನಿ ದೂರ ಹೋಗಬೇಕು. ನಮ್ಮೂರು ರಂಗನಟ ಬಳ್ಳಾರಿ ರಾಘವರ ಊರು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್ ರಂಗಗೀತೆ ಹಾಡಿದರೆ ಕೊನೇ ಸಾಲಿನವರಿಗೂ ಅಕ್ಷರ ಅಕ್ಷರ ಕೇಳಬೇಕಿತ್ತು, ಆ ಕಾಲದ ಗಂಟಲುಗಳೇ ಹಾಗೆ. ಸಣ್ಣ ಸದ್ದನ್ನೂ ಹಿಡಿಯುವ ಸ್ಟುಡಿಯೋದ ಕಂಡೆನ್ಸರ್ ಮೈಕ್‌ಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ, ಒಂದು ಗೇಣು ದೂರದಲ್ಲಿ ನಿಂತು ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡಬೇಕು. ಹುಡುಗ ಜಾಣ. ಮೆಲ್ಲಗೆ ಹಾಡಿ ಅಂತ ಅವರಿಗೆ ಹೇಳಲೇ ಇಲ್ಲ. ಗೇನ್, ಅಂದರೆ ಮೈಕ್ ದನಿ ಹಿಡಿಯುವ ಪ್ರಮಾಣ, ಇಳಿಸಿದ, ಮೈಕನ್ನು ಒಂದು ಮೊಳ ಹಿಂದಕ್ಕೆ ಸರಿಸಿದ.

ಆಮೇಲೆ ಬಳೆ. ಹಾಡುವಾಗ ತೊಡೆ ಮೇಲೆ ತಾಳ ಹಾಕುವ ಅಭ್ಯಾಸ ಅವರದು, ಹಸಿರು ಗಾಜಿನ ಬಳೆಗಳ ಸದ್ದೆಲ್ಲಾ ಮೈಕಿಗೆ. “ತೆಗೀತೀರಾ ಅಮ್ಮಾ?” ಅಂದ ಹುಡುಗ. ಅವರು ಉತ್ತರ ಕೊಡಲಿಲ್ಲ, ಬಳೆಗಳನ್ನು ಒಂದು ಸಲ ನೋಡಿಕೊಂಡರು ಅಷ್ಟೇ. ನಾನು ಒಂದು ಕೈಯ ಬಳೆಗಳಿಗೆ ನನ್ನ ಕರ್ಚೀಫನ್ನು ಎರಡು ಸುತ್ತು ಸುತ್ತಿ ಕಟ್ಟಿದೆ. ಇನ್ನೊಂದು ಕೈಗೆ ಮಗಳ ಹೇರ್‌ಬ್ಯಾಂಡ್.

ಇಷ್ಟಾದರೂ ಹಾಡು ಕೂರಲಿಲ್ಲ. ನಾವು ಇಲ್ಲಿಂದ ಒಯ್ದ ಹಿನ್ನೆಲೆ ವಾದ್ಯದ ಟ್ರ್ಯಾಕ್ ಕರಿ ಐದರ ಶ್ರುತಿಯಲ್ಲಿತ್ತು, ಅವರ ಗಂಟಲು ಅದಕ್ಕಿಂತ ತಗ್ಗಿನ ಕರಿ ನಾಲ್ಕರದ್ದು. ಮೇಲಿನ ಸಾಲಿಗೆ ಬಂದಾಗ ಕುತ್ತಿಗೆಯ ನರ ಉಬ್ಬುತ್ತಿತ್ತು. ಕೀಬೋರ್ಡ್ ಭಾಗವನ್ನು ಕಂಪ್ಯೂಟರಿನಲ್ಲೇ ಎರಡು ಮನೆ ಇಳಿಸಿದೆವು. ಆದರೆ ಡೋಲಕ್ ಇಳಿಸಿದರೆ ಸದ್ದು ಮೆತ್ತಗಾಗಿಬಿಡುತ್ತೆ, ಅದನ್ನು ತೆಗೆದೇ ಹಾಕಬೇಕಾಯಿತು. ಲಯ ತಪ್ಪದಿರಲಿ ಅಂತ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ಬರುವ ಕ್ಲಿಕ್ಕಂತೂ ಅವರಿಗೆ ಒಗ್ಗಲೇ ಇಲ್ಲ. ಏಳು ಟೇಕ್. ಪ್ರತಿ ಸಲ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅವರು ಮುಂದೆ, ಕ್ಲಿಕ್ ಹಿಂದೆ. ಕೊನೆಗೆ ಹೆಡ್‌ಫೋನ್ ತೆಗೆದಿಟ್ಟು ಹೇಳಿದರು, “ತಮ್ಮಾ, ನಾಟಿ ಹಚ್ಚೋವಾಗ ಕೈ ಹೆಂಗ ಓಡ್ತೈತೋ ಪದ ಹಂಗ ಓಡ್ತೈತಿ. ಇದು ನಂದ ಕಾಲು ಹಿಡದು ಎಳದಂಗ ಆಗ್ತೈತಿ.”

ಹುಡುಗ ಕ್ಲಿಕ್ ತೆಗೆದ. ಒಂದೇ ಕಿವಿಗೆ ತಂಬೂರಿ ಶ್ರುತಿ ಮಾತ್ರ ಕೊಟ್ಟ. “ನೀವು ಹಾಡ್ರಿ ಅಮ್ಮಾ, ಡೋಲಕ್ಕಿನವರು ನಿಮ್ಮ ಹಿಂದೆ ಬರ್ತಾರ” ಅಂದ. ಆ ಟೇಕೇ ಕೊನೇದು. ಆಮೇಲೆ ಅಳೆದು ನೋಡಿದರೆ ಮೊದಲ ಚರಣ ನಿಮಿಷಕ್ಕೆ 92 ಪೆಟ್ಟು, ಕೊನೆಯದು 97. ಇದನ್ನು ಸರಿ ಮಾಡೋಣವಾ ಅಂತ ನಮ್ಮ ಕಮಿಟಿಯಲ್ಲೂ ಕೇಳಿದರು. ಬೇಡ ಅಂದೆ. ಇದು ತಪ್ಪಲ್ಲ, ಅವರ ನಡಿಗೆ.

ಒಂದು ಪದವನ್ನೂ ಅವರು ಬದಲಿಸಿದರು. ನಾನು ಬರೆದದ್ದು “ಹೊಳೆ ದಾಟಿ ಹೋದರೂ ತವರಿನ ಸ್ಮರಣೆ”. ಅಲ್ಲಿಗೆ ಬಂದು ನಿಲ್ಲಿಸಿಬಿಟ್ಟರು. “ಯವ್ವಾ, ಸ್ಮರಣೆ ಅಂದ್ರ ಸತ್ತೋರ್ನ ನೆನಸಿದಂಗ ಆಗ್ತೈತಿ. ಸರ್ಕಲ್‌ನಾಗ ಬ್ಯಾನರ್ ಕಟ್ಟಿರ್ತಾರಲ್ಲ, ಪುಣ್ಯಸ್ಮರಣೆ ಅಂತ. ನೆಪ್ಪು ಅನ್ನು.” ತವರಿನ ನೆಪ್ಪು. ನಮ್ಮಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು, “ನೆಪ್ಪಿಲ್ಲೇನ ನಿನಗ?” ಇಪ್ಪತ್ತು ವರ್ಷದಿಂದ ನನ್ನ ಬಾಯಲ್ಲಿ ಅದು ಬಂದೇ ಇರಲಿಲ್ಲ. ಸ್ಟುಡಿಯೋದ ನೆಲದ ಮೇಲೆ ಕೂತು ಹಾಳೆಯಲ್ಲಿ ಸ್ಮರಣೆ ಹೊಡೆದು ಹಾಕಿ ನೆಪ್ಪು ಬರೆಯುವಾಗ ಕಣ್ಣು ತುಂಬಿತು. ಇಲ್ಲಿನ ಮಕ್ಕಳಿಗೆ ಈ ಪದ ಅರ್ಥ ಆಗೋದಿಲ್ಲ ಅಂತ ಇಬ್ಬರು ಫೋನ್ ಮಾಡಿದ್ದಾರೆ. ದಯವಿಟ್ಟು ಮಕ್ಕಳಿಗೆ ಹೇಳಿಕೊಡಿ. ಪದ ಮಾತ್ರ ಬದಲಾಗುವುದಿಲ್ಲ.

ಹಿಂದೊಮ್ಮೆ ಯಾರೋ ಬಂದು ದೊಡ್ಡವ್ವನ ಹತ್ತಿರ ಮೊಬೈಲಿನಲ್ಲಿ ಹಾಡಿಸಿಕೊಂಡು ಹೋಗಿ, ಹೆಸರು ಹಾಕದೆ ಎಲ್ಲಾ ಕಡೆ ಹಂಚಿದ್ದರಂತೆ. ನಾವು ಹಾಗೆ ಮಾಡುವುದು ಬೇಡ. ದುಡ್ಡು ಅವತ್ತೇ ಕೊಟ್ಟೆವು, ಕನ್ನಡದಲ್ಲಿ ಒಂದು ಹಾಳೆ ಬರೆದು ಓದಿ ಹೇಳಿ ಸಹಿ ತೆಗೆದುಕೊಂಡೆವು. ಹಾಡಿದವರನ್ನು ಹಾಡಿದವರು ಅಂತ ಗುರುತಿಸಬೇಕು ಎಂದು ಭಾರತದ ಕಾಪಿರೈಟ್ ಕಾಯ್ದೆಯೇ 2012ರ ತಿದ್ದುಪಡಿಯಲ್ಲಿ ಹೇಳಿದೆ. ಹಾಗಾಗಿ ವಾಟ್ಸಾಪ್‌ನಲ್ಲಿ ಹಂಚುವಾಗ ಹೆಸರು ಬಿಡಬೇಡಿ.

ಈಗ ಬೇಗ ಬೇಗ ಸೂಚನೆಗಳು. ರಾಜ್ಯೋತ್ಸವ ನವೆಂಬರ್ 8, ಶನಿವಾರ, ಮಧ್ಯಾಹ್ನ 2ಕ್ಕೆ, ಕಳೆದ ಸಲದ ಹಾಲ್‌ನಲ್ಲೇ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ರೊಟ್ಟಿ ಬಡಿಯಲು ಬರುವವರು ಈ ವಾರವೇ ತಿಳಿಸಿ, ಈವರೆಗೆ ಮೂವರು ಮಾತ್ರ. ಮಕ್ಕಳ ಅಭ್ಯಾಸ ಪ್ರತಿ ಭಾನುವಾರ ಬೆಳಿಗ್ಗೆ 11ಕ್ಕೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಡಬ್ಲಿನ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಮರೆಯಬೇಡಿ. ಕನ್ನಡ ತರಗತಿಗೆ ಹೊಸ ಪುಸ್ತಕ ಬಂದಿವೆ. ಸದಸ್ಯತ್ವದ ಹಣ ಬಾಕಿ ಇದ್ದವರು ಖಜಾಂಚಿಗಳನ್ನು ನೋಡಿ.

ಇನ್ನೊಂದು ಮಾತು. ಆರು ವರ್ಷದಿಂದ ಈ ಪತ್ರಿಕೆಯನ್ನು ಟೈಪು, ತಿದ್ದುವುದು, ಪುಟ ಕಟ್ಟುವುದು ಎಲ್ಲಾ ಒಬ್ಬಳೇ ಮಾಡುತ್ತಿದ್ದೇನೆ. ಕೆಲಸ ಮುಗಿಸಿ ಬಂದು ಮಗು ಮಲಗಿದ ಮೇಲೆ ಕೂರುತ್ತೇನೆ. ತುಂಬಾ ದಣಿದಿದ್ದೇನೆ. ತಿಂಗಳಿಗೆ ಒಂದು ಸಂಜೆ ಕೊಡುವ ಇಬ್ಬರು ಸಿಕ್ಕರೆ ಸಾಕು, ಹೇಳಿಕೊಡುತ್ತೇನೆ. ಡೋಲಕ್ ಬಾರಿಸುವವರು ಒಬ್ಬರು ಬೇಕೇ ಬೇಕು.

ಹಾಡಿನಲ್ಲಿ ಎರಡನೇ ಚರಣದ ನಂತರ ತಾಳದ ಎಂಟು ಆವರ್ತ ಖಾಲಿ ಬಿಟ್ಟಿದ್ದೇವೆ. ಅಲ್ಲಿ ಡೋಲಕ್ ಮಾತ್ರ ಇದೆ. ಅದು ನಮ್ಮ ಮಕ್ಕಳ ಜಾಗ. ಕ್ಲಿಕ್ ಇಲ್ಲದ ಹಾಡಲ್ವಾ, ಎಲ್ಲಿ ಶುರು ಮಾಡಬೇಕು ಅಂತ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಭಜನೆಯಲ್ಲಿ ಹಿಂದೆ ಹಾಡುವವರಿಗೆ ಕೈ ಎತ್ತಿ ಸನ್ನೆ ಮಾಡುವುದು ದೊಡ್ಡವ್ವನ ರೂಢಿ. ಆ ದಿನವೂ ಅಭ್ಯಾಸ ಬಲದಿಂದ ಕೈ ಎತ್ತಿದ್ದರು, ಕರ್ಚೀಫು ಸಡಿಲಾಗಿತ್ತು, ಬಳೆ ಒಮ್ಮೆ ಝಲ್ ಅಂದಿತ್ತು. ಮಿಕ್ಸಿಂಗ್‌ನಲ್ಲಿ ಅದನ್ನು ಅಳಿಸೋಣ ಅಂದಿದ್ದ ಹುಡುಗ, ಇರಲಿ ಬಿಡು ಅಂದಿದ್ದೆ. ಹೋದ ಭಾನುವಾರ ಅಭ್ಯಾಸದಲ್ಲಿ ಮಕ್ಕಳು ಎರಡು ಸಲ ಮೊದಲೇ ಶುರು ಮಾಡಿ ತಪ್ಪಿದರು. ಮೂರನೇ ಸಲ ನನ್ನ ಮಗಳು ಎಲ್ಲರನ್ನೂ ತಡೆದು, “ತಡೀರಿ, ಅಜ್ಜಿ ಬಳೆ ಸದ್ದು ಬರ್ಲಿ” ಅಂದಳು. ಎಲ್ಲರೂ ಉಸಿರು ಹಿಡಿದು ಕಾದರು. ಬಳೆ ಸದ್ದು ಬಂತು. ಹನ್ನೊಂದು ಮಕ್ಕಳು ಒಟ್ಟಿಗೆ ದನಿ ತೆಗೆದರು.