ಪ್ರಿಡಿಕ್ಟೆಡ್ ಗ್ರೇಡ್ ಚೌಕಾಸಿ ಮಾಡುವಂಥದ್ದಲ್ಲ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ 11 ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಅದಕ್ಕೂ ಮುಂಚೆ ಪಿಯು ಕಾಲೇಜಿನಲ್ಲಿದ್ದೆ. ಸೆಪ್ಟೆಂಬರ್ ಬಂತೆಂದರೆ ಪೋಷಕರದು ಒಂದೇ ಮಾತು: "ಮೇಡಂ, ಒಂದು ಪಾಯಿಂಟ್ ಜಾಸ್ತಿ ಹಾಕಿ. ನಿಮ್ಮ ಕೈಲೇ ಇದೆ ಅಲ್ವಾ?"

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಅಂದರೆ ಪಿಯು ಹಂತದ ಎರಡು ವರ್ಷದ ಕೋರ್ಸ್. ಅದರಲ್ಲಿ 6 ವಿಷಯ, ಒಂದೊಂದಕ್ಕೆ 7 ಪಾಯಿಂಟ್, ಜೊತೆಗೆ ಇನ್ನೊಂದು 3 ಸೇರಿ ಒಟ್ಟು 45. ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜುಲೈ ಮೊದಲ ವಾರ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅರ್ಜಿ ಹಾಕಲು ಹಿಂದಿನ ಅಕ್ಟೋಬರ್ ಮಧ್ಯವೇ ಕೊನೆ. ಹಾಗಾಗಿ ಮಗುವಿಗೆ ಎಷ್ಟು ಬರಬಹುದು ಅಂತ ನಾವು ಮೊದಲೇ ಬರೆದುಕೊಡಬೇಕು. ಇದೇ ಪ್ರಿಡಿಕ್ಟೆಡ್ ಗ್ರೇಡ್.

ಅದನ್ನು ಸುಮ್ನೆ ಬಾಯಿಗೆ ಬಂದಂತೆ ಬರೆಯುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ನಿಂಬೆರಸದಲ್ಲಿ ವಿಟಮಿನ್ ಸಿ ಎಷ್ಟಿದೆ ಅಂತ ಟೈಟ್ರೇಷನ್ ಮಾಡಿ ವರದಿ ಬರೆದಳು. ಶಾಲೆಯಲ್ಲೇ ಅಂಕ ಹಾಕುವ ಇಂಥ ವರದಿಗೆ ಐಎ (ಇಂಟರ್ನಲ್ ಅಸೆಸ್‌ಮೆಂಟ್) ಅನ್ನುತ್ತಾರೆ. ಈ ಐಎಗೆ 24 ಅಂಕ, ಗ್ರೇಡಿನಲ್ಲಿ ಶೇ 20ರಷ್ಟು ಪಾಲು. ನಾನು 19 ಕೊಟ್ಟೆ. ನನ್ನ ಅಂಕ ನೋಡದೆ ಓದಿದ ಸಹೋದ್ಯೋಗಿ 16 ಕೊಟ್ಟರು. ಇಬ್ಬರೂ ವರದಿ ಮುಂದಿಟ್ಟುಕೊಂಡು ಕೂತೆವು. ಬ್ಯುರೆಟ್ (ದ್ರವ ಅಳೆಯುವ ಕೊಳವೆ) ರೀಡಿಂಗಿನ ಪಕ್ಕ, ಅದು ಎಷ್ಟು ಆಚೀಚೆ ಇರಬಹುದು ಎಂದು ±0.05 ಅಂತ ಬರೆದಿದ್ದಳು, ಸರಿ. ಆದರೆ ಅದರಿಂದ ಕೊನೆಯ ಉತ್ತರ ಎಷ್ಟು ಆಚೀಚೆ ಆಗುತ್ತದೆ ಎಂಬ ಲೆಕ್ಕವೇ ಇರಲಿಲ್ಲ. ಅವಳ ಅಂದದ ಗ್ರಾಫ್ ನೋಡುತ್ತಾ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಒಂದು ಗಂಟೆ ಮಾತಾಡಿ 17ಕ್ಕೆ ಒಪ್ಪಿದೆವು. ಇದೇ ಶಾಲೆಯೊಳಗಿನ ಮಾಡರೇಷನ್. ಇಷ್ಟಕ್ಕೇ ಮುಗಿಯುವುದಿಲ್ಲ. ಪಿಯು ಪ್ರಾಕ್ಟಿಕಲ್‌ಗೆ ಹೊರಗಿನ ಪರೀಕ್ಷಕರು ಲ್ಯಾಬಿಗೇ ಬರುತ್ತಾರೆ. ಇಲ್ಲಿ ಕೆಲವು ವರದಿಗಳನ್ನು ಐಬಿ ತರಿಸಿಕೊಂಡು ನೋಡುತ್ತದೆ. ನಾವು ಧಾರಾಳ ಮಾಡಿದ್ದು ಕಂಡರೆ ಇಡೀ ತರಗತಿಯ ಅಂಕ ಕೆಳಗಿಳಿಯಬಹುದು.

ಕೆಲವು ವರ್ಷಗಳ ಹಿಂದೆ ಒತ್ತಾಯಕ್ಕೆ ಮಣಿದು ಒಬ್ಬ ಹುಡುಗನಿಗೆ 5 ಬರೆಯಬೇಕಾದಲ್ಲಿ 6 ಬರೆದೆ. ವಿದೇಶದ ಒಂದು ವಿಶ್ವವಿದ್ಯಾಲಯ ಕೆಮಿಸ್ಟ್ರಿಯಲ್ಲಿ 6 ಬರಲೇಬೇಕು ಎಂಬ ಷರತ್ತಿನ ಮೇಲೆ ಸೀಟು ಕೊಟ್ಟಿತು. ಜುಲೈನಲ್ಲಿ ಬಂದದ್ದು 5. ಸೀಟು ಹೋಯಿತು. 5ಕ್ಕೇ ಸೇರಿಸಿಕೊಳ್ಳುವ ಒಳ್ಳೆಯ ಕಡೆಗಳಿದ್ದವು. ನನ್ನ 6 ನಂಬಿಕೊಂಡು ಅವನು ಅಲ್ಲಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಪರವಾಗಿಲ್ಲ ಮಿಸ್" ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ನಾನು ಯಾರಿಗೂ ಹೆಚ್ಚಿಸಿ ಬರೆದಿಲ್ಲ, ಕಡಿಮೆ ಮಾಡಿಯೂ ಬರೆದಿಲ್ಲ. 2020ರಲ್ಲಿ ಮೇ ಪರೀಕ್ಷೆ ರದ್ದಾದಾಗ ಗ್ರೇಡ್ ಲೆಕ್ಕಕ್ಕೆ ಐಎ ಜೊತೆಗೆ ಶಿಕ್ಷಕರ ಅಂದಾಜು, ಶಾಲೆಯ ಹಿಂದಿನ ದಾಖಲೆ ಎಲ್ಲವೂ ಬಂದವು. ನಾವು ಬರೆಯುವ ಒಂದು ಅಂಕಿಗೆ ಅಷ್ಟು ತೂಕ ಇದೆ.

ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟೇ: ಯಾವ ಪರೀಕ್ಷೆ, ಯಾವ ವರದಿ ನೋಡಿ ಅಂದಾಜು ಹಾಕಿದ್ದೀರೋ ಅವನ್ನು ಪೋಷಕರ ಮುಂದೆ ಇಡಿ. ಪೋಷಕರೇ, ಗ್ರೇಡ್ ಕೇಳಲು ಎರಡನೇ ವರ್ಷದ ಸೆಪ್ಟೆಂಬರ್‌ವರೆಗೆ ಕಾಯಬೇಡಿ. ಮೊದಲ ವರ್ಷದ ಡಿಸೆಂಬರ್‌ನಲ್ಲೇ ಬಂದು ಉತ್ತರ ಪತ್ರಿಕೆ ನೋಡಿ. 5 ಅನ್ನು 6 ಮಾಡಿಕೊಳ್ಳಲು ಆಗ ಮಗುವಿಗೆ ಇನ್ನೂ ಸಮಯ ಇರುತ್ತದೆ.

– ಕೆಮಿಸ್ಟ್ರಿ ಶಿಕ್ಷಕಿ, ಬೆಂಗಳೂರು